ಬಿಚ್ಚಲಾಗದ ಯಂತ್ರ ನಮ್ಮದಲ್ಲ

‘ಲ್ಯಾಪ್‌ಟಾಪ್ ಕೆಟ್ಟಿತೇ? ರಿಪೇರಿಗೆ ಹಣ ಸುರಿಯಬೇಡಿ, ಹೊಸದನ್ನೇ ಕೊಳ್ಳಿರಿ.’ ಈ ಮಾತು ಇಂದು ಬೆಳಗಾವಿಯ ಅಂಗಡಿಗಳಿಂದ ಹೊರಟು ಖಾನಾಪುರ ತಾಲ್ಲೂಕಿನ ಕಾಡಂಚಿನ ಮನೆಗಳವರೆಗೂ ಹಿತೋಪದೇಶದ ವೇಷದಲ್ಲಿ ತಲುಪಿದೆ. ಇದು ಹಿತೋಪದೇಶವಲ್ಲ, ಶುದ್ಧ ವ್ಯಾಪಾರ. ಅಡಿಕೆ, ಗೋಡಂಬಿ, ಭತ್ತ ಮಾರಿ ಮಗಳನ್ನು ಕಾಲೇಜಿಗೆ ಕಳಿಸುವ ಕುಟುಂಬವೊಂದು ನಲವತ್ತು ಸಾವಿರ ರೂಪಾಯಿ ಕೊಟ್ಟು ತಂದ ಯಂತ್ರವನ್ನು ನಾಲ್ಕೇ ವರ್ಷಕ್ಕೆ ಕಸವೆಂದು ಘೋಷಿಸುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು?

ಕಾಡು, ನದಿ, ಗಣಿಗಳ ಹೋರಾಟದ ಪತ್ರಿಕೆಯಲ್ಲಿ ಲ್ಯಾಪ್‌ಟಾಪಿನ ಮಾತೇಕೆ ಎಂದು ಕೆಲವು ಮಿತ್ರರು ಕೇಳಬಹುದು. ಅದು ಪಟ್ಟಣದವರ ಆಟಿಕೆ, ನಮಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಆದರೆ ಗುಡ್ಡಗಾಡಿನ ವಿದ್ಯಾರ್ಥಿಗೆ ಅದು ಈಗ ಪಾಟಿ, ಪುಸ್ತಕ, ಅರ್ಜಿ ನಮೂನೆ ಎಲ್ಲವೂ ಆಗಿದೆ. ಅದನ್ನು ನಿರಾಕರಿಸುವುದು ಪರಿಹಾರವಲ್ಲ. ಅದರ ಯಜಮಾನಿಕೆ ಯಾರದು ಎಂಬುದೇ ಪ್ರಶ್ನೆ.

ಪೆಟ್ಟಿಗೆಯೊಳಗಿನ ಗುಡ್ಡ

ಎರಡು ಕಿಲೋ ತೂಗದ ಈ ಯಂತ್ರದೊಳಗೆ ಎಷ್ಟು ದೇಶಗಳ ಗುಡ್ಡಗಳು ಅಡಗಿವೆ ಎಂಬುದನ್ನು ನೋಡಿರಿ. ಬ್ಯಾಟರಿಯ ಕೋಬಾಲ್ಟ್ ಬಹುಪಾಲು ಕಾಂಗೋದ ಗಣಿಗಳದು. ಲಿಥಿಯಂ ಆಸ್ಟ್ರೇಲಿಯಾದ ಬಂಡೆಗಳಿಂದಲೂ ಚಿಲಿಯ ಉಪ್ಪುಬಯಲುಗಳಿಂದಲೂ ಬರುತ್ತದೆ. ಹೊರಕವಚ ಲೋಹದ್ದಾದರೆ ಅದು ಅಲ್ಯುಮಿನಿಯಂ. ಅದರ ಮೂಲ ಬಾಕ್ಸೈಟು. ಬಾಕ್ಸೈಟು ಎಂದರೇನೆಂದು ಬೆಳಗಾವಿಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಮನಾಪುರದ ಅಲ್ಯುಮಿನಾ ಕಾರ್ಖಾನೆಗಾಗಿ ಕೊಲ್ಹಾಪುರದ ಕಡೆಯ ಸಹ್ಯಾದ್ರಿಯ ಜಂಬಿಟ್ಟಿಗೆ ಗುಡ್ಡಗಳ ನೆತ್ತಿಯನ್ನು ಕೆರೆದುದನ್ನು ನಮ್ಮ ಸೀಮೆ ದಶಕಗಳಿಂದ ಕಂಡಿದೆ. ಎಲ್ಲಿಯ ಗಣಿಯಾದರೂ ಬೆಲೆ ತೆರುವುದು ಗುಡ್ಡದ ನೆತ್ತಿ ಮತ್ತು ಅದರ ಕೆಳಗಿನ ಊರು.

ಇನ್ನು ಇಂಗಾಲದ ಲೆಕ್ಕ. ಸಾಧಾರಣ ಲ್ಯಾಪ್‌ಟಾಪೊಂದರ ತಯಾರಿಕೆಯಲ್ಲಿಯೇ ಸುಮಾರು 200 ಕಿಲೋ ಅಥವಾ ಅದಕ್ಕೂ ಹೆಚ್ಚು ಇಂಗಾಲದ ಡೈ ಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುವುದೆಂದು ಕಂಪನಿಗಳೇ ಪ್ರಕಟಿಸುವ ವಿವರಗಳು ತಿಳಿಸುತ್ತವೆ. ಬಳಕೆಯ ಪಾಲು ಎಷ್ಟು? 20 ವಾಟಿನಂತೆ ದಿನಕ್ಕೆ 5 ಗಂಟೆ ಬಳಸಿದರೆ ವರ್ಷಕ್ಕೆ ಸುಮಾರು 36 ಯೂನಿಟ್ ವಿದ್ಯುತ್ತು. ನಮ್ಮ ದೇಶದ ಜಾಲದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಎಂದು ಹಿಡಿದರೆ ವರ್ಷಕ್ಕೆ 25 ಕಿಲೋ. ಅಂದರೆ ಕಲ್ಲಿದ್ದಲಿನ ವಿದ್ಯುತ್ತಿನಲ್ಲಿಯೇ ಎಂಟು ವರ್ಷ ನಡೆಸಿದರೂ ಬಳಕೆಯ ಹೊಗೆ ಹುಟ್ಟಿನ ಹೊಗೆಗೆ ಸರಿಸಮವಾಗುವುದಷ್ಟೆ. ‘ಹೊಸ ಮಾದರಿ ವಿದ್ಯುತ್ತು ಉಳಿಸುತ್ತದೆ, ಪರಿಸರಕ್ಕೆ ಒಳ್ಳೆಯದು’ ಎಂಬ ಜಾಹೀರಾತು ಈ ಸಣ್ಣ ಗಣಿತದ ಮುಂದೆ ನಿಲ್ಲಲಾರದು. ಇರುವ ಯಂತ್ರವನ್ನು ಇನ್ನೂ ನಾಲ್ಕು ವರ್ಷ ಉಳಿಸುವವನೇ ನಿಜವಾದ ಉಳಿತಾಯಗಾರ.

ಸತ್ತ ಯಂತ್ರದ ಗತಿ ಇನ್ನೂ ಘೋರ. 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಸೃಷ್ಟಿಸಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಸ್ಕರಣೆಗೊಂಡದ್ದು ಶೇಕಡಾ 22.3 ಮಾತ್ರವೆಂದೂ ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಉಳಿದದ್ದು ಎಲ್ಲಿ ಹೋಗುತ್ತದೆ? ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ರಾಮಗಂಗಾ ನದಿಯ ದಡದಲ್ಲಿ ಸರ್ಕ್ಯೂಟ್ ಹಲಗೆಗಳನ್ನು ಸುಟ್ಟು, ಬೂದಿಯನ್ನು ತೊಳೆದು ಲೋಹ ತೆಗೆದ ಕಥೆ ದೇಶಕ್ಕೇ ಗೊತ್ತಿದೆ. ನಮ್ಮಲ್ಲಿಯೂ ಗುಜರಿಯವನು ತಂತಿಯ ಸಿಪ್ಪೆ ಸುಟ್ಟು ತಾಮ್ರ ತೆಗೆಯುತ್ತಾನೆ. ಆ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷವಿರುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರವನ್ನು ಹಾದು ನವಿಲುತೀರ್ಥದ ಜಲಾಶಯ ಸೇರಿ, ಅಲ್ಲಿಂದ ಹುಬ್ಬಳ್ಳಿ–ಧಾರವಾಡಗಳ ಕುಡಿಯುವ ನೀರಾಗುತ್ತದೆ. ಮೇಲಿನವರ ಹಿತ್ತಿಲ ಬೂದಿ ಕೆಳಗಿನವರ ಲೋಟಕ್ಕೆ ಇಳಿಯುವುದೆಂಬುದನ್ನು ನಾವು ಮರೆಯಕೂಡದು.

ತಾರೀಖು ನೋಡಿ ಸಾಯುವ ಯಂತ್ರ

ಯಂತ್ರ ಸವೆದು ಸಾಯುವುದು ಸಹಜ. ಆದರೆ ಈಗ ಯಂತ್ರಗಳು ತಾರೀಖು ನೋಡಿ ಸಾಯುತ್ತಿವೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವೈಯಕ್ತಿಕ ಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಸಾವಕಾಶವೆಂಬ ಒಂದು ವರ್ಷದ ಭಿಕ್ಷೆಯನ್ನು ನೀಡಿತು. ಅದರ ಮುಂದಿನ ಆವೃತ್ತಿಗೆ ಟಿ.ಪಿ.ಎಂ. 2.0 ಎಂಬ ರಕ್ಷಣಾ ಚಿಪ್ಪು ಬೇಕು. ಇಂಟೆಲ್ ಪ್ರೊಸೆಸರಾದರೆ ಕೆಲವು ವಿನಾಯಿತಿಗಳನ್ನು ಬಿಟ್ಟು ಎಂಟನೆಯ ತಲೆಮಾರಿನದೋ ಅನಂತರದ್ದೋ ಆಗಿರಬೇಕು. ಇದರಿಂದ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸದ ದಾರಿ ಹಿಡಿಯಬಹುದೆಂದು ಕ್ಯಾನಲಿಸ್ ಸಂಸ್ಥೆ 2023ರಲ್ಲಿಯೇ ಅಂದಾಜು ಮಾಡಿತ್ತು. ಕೀಲಿಮಣೆ ಸರಿ, ಪರದೆ ಸರಿ, ಒಳಗಿನ ಚಿಪ್ಪು ಸರಿ. ಆದರೂ ಯಂತ್ರ ‘ಹಳತು’! ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ರೈತನಿಗೆ ಈ ನ್ಯಾಯ ಅರ್ಥವಾಗದು.

ಇನ್ನೊಂದು ತಂತ್ರವಿದೆ. ಹಿಂದೆ ಸ್ಕ್ರೂ ತೆಗೆದರೆ ಬದಲಿಸಬಹುದಾಗಿದ್ದ ರ‍್ಯಾಮ್ ಇಂದು ಅನೇಕ ಮಾದರಿಗಳಲ್ಲಿ ಹಲಗೆಗೆ ಬೆಸೆದು ಬರುತ್ತದೆ. ಕೆಲವೆಡೆ ಬ್ಯಾಟರಿಯನ್ನು ಅಂಟಿನಿಂದ ಹಿಡಿಸಿರುತ್ತಾರೆ. ತೆಳ್ಳಗಿನ ಅಂದಕ್ಕಾಗಿ ಹೀಗೆ ಮಾಡಿದ್ದೇವೆ ಎನ್ನುತ್ತಾರೆ. ಅಂದ ನಮ್ಮದು, ಲಾಭ ಅವರದು. ಎರಡು ಮಳೆಗಾಲಗಳ ಹಿಂದೆ ನನ್ನ ಆರು ವರ್ಷದ ಯಂತ್ರದ ಚಾರ್ಜಿಂಗ್ ಕಿಂಡಿ ಸಡಿಲವಾಯಿತು. ಅಧಿಕೃತ ಸೇವಾ ಕೇಂದ್ರವೊಂದರಲ್ಲಿ, ಮದರ್‌ಬೋರ್ಡನ್ನೇ ಬದಲಿಸಬೇಕು, ಅದಕ್ಕಿಂತ ಹೊಸದು ಲೇಸು ಎಂಬ ಉತ್ತರ ಬಂತು. ಬೆಳಗಾವಿಯ ಕ್ಯಾಂಪ್ ಪ್ರದೇಶದ ಸಣ್ಣ ಅಂಗಡಿಯ ತರುಣನೊಬ್ಬ ಆ ಕಿಂಡಿಯೊಂದನ್ನೇ ಕಿತ್ತು ಹೊಸದನ್ನು ಬೆಸೆದು ಒಂದು ಗಂಟೆಯಲ್ಲಿ ಕೈಗಿತ್ತನು. ಒಂದು ಊಟದ ಖರ್ಚಿಗಿಂತ ಸ್ವಲ್ಪ ಹೆಚ್ಚು ಆಯಿತು, ಅಷ್ಟೆ. ಈ ಲೇಖನವನ್ನು ಅದೇ ಯಂತ್ರದಲ್ಲಿ ಬರೆಯುತ್ತಿದ್ದೇನೆ. ಪ್ರಶ್ನೆ ಕೌಶಲದ್ದಲ್ಲ, ಇಚ್ಛೆಯದು.

ಹಂಚುವವರ ಲೆಕ್ಕ

ಸರ್ಕಾರಗಳಿಗೆ ಹಂಚುವುದೆಂದರೆ ಪ್ರೀತಿ. 2021ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ನೀಡುವ ಯೋಜನೆಗೆ ಚಾಲನೆ ಕೊಟ್ಟಿತು. ಅದಕ್ಕೆ ಮೊದಲು ಲ್ಯಾಪ್‌ಟಾಪುಗಳೂ ಹಂಚಿಕೆಯಾಗಿದ್ದವು. ಕೊಟ್ಟದ್ದನ್ನು ನಾವು ಹಳಿಯುವುದಿಲ್ಲ. ಬಡ ಮಕ್ಕಳಿಗೆ ಅದು ಸಲ್ಲಬೇಕಾದದ್ದೇ. ಆದರೆ ಕೊಟ್ಟ ದಿನದ ಛಾಯಾಚಿತ್ರಗಳನ್ನು ನೋಡಿದವರು ಕೆಟ್ಟ ದಿನದ ವ್ಯವಸ್ಥೆಯನ್ನು ನೋಡಿದ್ದೀರಾ? ಜಾಂಬೋಟಿ, ಹೆಮ್ಮಡಗಾ, ಕಣಕುಂಬಿಗಳ ವಿದ್ಯಾರ್ಥಿ ಒಂದು ಬ್ಯಾಟರಿಗಾಗಿ ಬಸ್ಸು ಬದಲಿಸುತ್ತ ಬೆಳಗಾವಿಗೆ ಹೋಗಬೇಕು. ಒಂದು ದಿನದ ಪಾಠ, ಒಂದು ದಿನದ ಕೂಲಿ ಎರಡೂ ಹೋದವು.

ಖಾನಾಪುರದಿಂದ ಬೆಳಗಾವಿಗೆ ಹೋಗುವ ಬಸ್ಸು ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಬಾಗಿಲಿನ ಮುಂದೆಯೇ ಹಾದುಹೋಗುತ್ತದೆ. 1998ರಲ್ಲಿ ಸ್ಥಾಪನೆಯಾದ, ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ತಾಯಿಮನೆ ಅದು. ಅದೇ ಬಸ್ಸಿನಲ್ಲಿ ಕೆಟ್ಟ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡ ಹುಡುಗಿ ಕುಳಿತಿದ್ದಾಳೆ. ವರ್ಷಕ್ಕೆ ಸಾವಿರ ಸಾವಿರ ಇಂಜಿನಿಯರುಗಳಿಗೆ ಪದವಿ ಕೊಡುವ ವ್ಯವಸ್ಥೆಯು ಇಪ್ಪತ್ತು ಕಿಲೋಮೀಟರ್ ಆಚೆಯ ತಾಲ್ಲೂಕು ಕೇಂದ್ರಕ್ಕೆ ಒಂದು ದುರಸ್ತಿ ಮೇಜನ್ನು ಕೊಡಲಾರದೆ?

ಮುಂದೆ ಕ್ಯಾಂಪ್ ಇದೆ. 1922ರಿಂದ ಮರಾಠಾ ಲಘು ಪದಾತಿ ದಳದ ನೆಲೆಯಾದ ದಂಡು. ಸೇನೆಯು ತನ್ನ ಸಲಕರಣೆಗಳ ದುರಸ್ತಿಗೆಂದೇ ಇ.ಎಂ.ಇ. ಎಂಬ ಪ್ರತ್ಯೇಕ ದಳವನ್ನು 1943ರಿಂದ ಇಟ್ಟುಕೊಂಡಿದೆ. ಸಲಕರಣೆಯ ಬೆನ್ನಿಗೆ ಬಿಡಿಭಾಗವೂ ದುರಸ್ತಿಗಾರನೂ ಇರಬೇಕೆಂಬುದು ಸೈನಿಕನಿಗೆ ತಿಳಿದಿದೆ. ಅದೇ ಸರ್ಕಾರ ವಿದ್ಯಾರ್ಥಿಗೆ ಯಂತ್ರ ಕೊಡುವಾಗ ಮಾತ್ರ ಈ ಪಾಠವನ್ನು ಮರೆಯುತ್ತದೆ.

ಬೀಜದ ಪಾಠ

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಈ ಕಥೆ ಹೊಸದಲ್ಲ. ಮನೆಯ ಕಣಜದಲ್ಲಿ ಬೀಜ ಉಳಿಸುತ್ತಿದ್ದ ರೈತನಿಗೆ ಪ್ರತಿ ವರ್ಷ ಕೊಳ್ಳಲೇಬೇಕಾದ ಹೈಬ್ರಿಡ್ ಬೀಜ ಬಂದಾಗ ಇಳುವರಿಯ ಜೊತೆಗೆ ಪರಾಧೀನತೆಯೂ ಬಂತು. ರೈತರು ಸುಮ್ಮನಿರಲಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು, ಬ್ರಾಂಡಿನ ಹೆಸರಿನಲ್ಲಿ ಮಾರುವುದೊಂದನ್ನು ಬಿಟ್ಟು, ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ರೈತನಿಗೆ ಬರೆದುಕೊಟ್ಟಿದೆ. ಬೀಜವನ್ನು ಉಳಿಸುವ ಹಕ್ಕು ಮತ್ತು ಯಂತ್ರವನ್ನು ಬಿಚ್ಚಿ ಸರಿಪಡಿಸುವ ಹಕ್ಕು ಒಂದೇ ಬೇರಿನ ಎರಡು ಕೊಂಬೆಗಳು.

ಅಮೆರಿಕದ ರೈತರು ತಮ್ಮ ಟ್ರ್ಯಾಕ್ಟರುಗಳ ತಂತ್ರಾಂಶಕ್ಕೆ ಕಂಪನಿ ಹಾಕಿದ ಬೀಗದ ವಿರುದ್ಧ ಹೋರಾಡಿ, 2023ರಲ್ಲಿ ಕೊಲೊರಾಡೊ ರಾಜ್ಯದಲ್ಲಿ ಕೃಷಿಯಂತ್ರಗಳ ದುರಸ್ತಿ ಹಕ್ಕಿನ ಕಾನೂನನ್ನು ಪಡೆದರು. ಫ್ರಾನ್ಸ್ 2021ರ ಜನವರಿಯಿಂದ ಲ್ಯಾಪ್‌ಟಾಪುಗಳ ಮೇಲೆ ಹತ್ತರಲ್ಲಿ ಇಷ್ಟು ಎಂದು ದುರಸ್ತಿ ಸುಲಭತೆಯ ಅಂಕ ನಮೂದಿಸಬೇಕೆಂದು ವಿಧಿಸಿತು. ನಮ್ಮಲ್ಲಿ? ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿ ರಚಿಸಿತು, ಡಿಸೆಂಬರಿನಲ್ಲಿ ಜಾಲತಾಣ ತೆರೆಯಿತು. ಜಾಲತಾಣ ಕಾನೂನಲ್ಲ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳ ದೃಷ್ಟಿಯೂ ಮುಖ್ಯವಾಗಿ ಎಷ್ಟು ಟನ್ ಕರಗಿಸಿದಿರಿ ಎಂಬುದರ ಮೇಲಿದೆ. ಎಷ್ಟು ಯಂತ್ರಗಳನ್ನು ಸಾಯದಂತೆ ಉಳಿಸಿದಿರಿ ಎಂಬುದರ ಮೇಲಲ್ಲ.

ನಮ್ಮ ಕೈಯಲ್ಲಿರುವುದು

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನೇಗಿಲಿಗೆ ಎಣ್ಣೆ ಹಚ್ಚಿ ಅಟ್ಟಕ್ಕೇರಿಸುವವರು ನಾವು. ಈ ಉಪಕರಣಕ್ಕೂ ಅದೇ ಶಿಸ್ತು ಸಲ್ಲುತ್ತದೆ.

ಲಿಥಿಯಂ ಬ್ಯಾಟರಿಯ ಶತ್ರು ಬಿಸಿ ಮತ್ತು ಸದಾ ತುಂಬಿದ ಹೊಟ್ಟೆ. ಶೇಕಡಾ 20ರಿಂದ 80ರ ನಡುವೆ ಇಟ್ಟರೆ ಹೆಚ್ಚು ಬಾಳುತ್ತದೆ. ಅನೇಕ ಯಂತ್ರಗಳಲ್ಲಿ 80ಕ್ಕೆ ನಿಲ್ಲಿಸುವ ವ್ಯವಸ್ಥೆ ಇದೆ. ರಜೆಯಲ್ಲಿ ಮುಚ್ಚಿಡುವುದಾದರೆ ಅರ್ಧ ತುಂಬಿಸಿ ಇಡಿರಿ. ಬ್ಯಾಟರಿ ಊದಿಕೊಂಡರೆ ಚುಚ್ಚಬೇಡಿ, ಒತ್ತಬೇಡಿ. ಬಳಕೆ ನಿಲ್ಲಿಸಿ ತಿಳಿದವರಿಗೆ ಒಪ್ಪಿಸಿರಿ.

ನಮ್ಮ ಮಳೆಗಾಲದ ನಾಲ್ಕು ತಿಂಗಳ ತೇವವು ಲೋಹದ ಸಂಪರ್ಕಗಳನ್ನು ಕೊರೆಯುತ್ತದೆ. ಆ ದಿನಗಳಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡದೆ ಪ್ರತಿದಿನ ಸ್ವಲ್ಪ ಹೊತ್ತು ನಡೆಸಿರಿ. ಅದರ ಶಾಖವೇ ತೇವವನ್ನು ಓಡಿಸುತ್ತದೆ. ಒಲೆಯ ಹೊಗೆ, ಭತ್ತದ ಧೂಳುಗಳಿಂದ ದೂರವಿಡಿರಿ. ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚುತ್ತದೆ. ವರ್ಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಸಿರಿ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿರಿ. ಮನೆಯ ಅರ್ಥಿಂಗ್ ಸರಿಯಿದೆಯೇ ನೋಡಿಸಿರಿ.

ನಿಧಾನವಾದ ಯಂತ್ರ ಸತ್ತ ಯಂತ್ರವಲ್ಲ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕಿ, ಜಾಗವಿದ್ದರೆ ರ‍್ಯಾಮ್ ಹೆಚ್ಚಿಸಿದರೆ ಹೊಸದರ ಬೆಲೆಯ ಅಲ್ಪಭಾಗದಲ್ಲಿ ಹಲವು ವರ್ಷ ದುಡಿಯುತ್ತದೆ. ಕಂಪನಿ ಕೈಬಿಟ್ಟರೆ ಗ್ನೂ/ಲಿನಕ್ಸ್ ಇದೆ. ಕೆಲವು ವಾಣಿಜ್ಯ ತಂತ್ರಾಂಶಗಳು ಅದರಲ್ಲಿ ನಡೆಯವು, ನಿಜ. ಆದರೆ ಓದು, ಬರೆಹ, ಲೆಕ್ಕ, ಅಂತರಜಾಲ, ಯೂನಿಕೋಡ್ ಕನ್ನಡ ಎಲ್ಲವೂ ಸಲೀಸು. ಇದು ಹವ್ಯಾಸಿಗಳ ಕನಸೆನ್ನುವವರು ಕೇರಳವನ್ನು ನೋಡಲಿ. ಅಲ್ಲಿಯ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಶಿಕ್ಷಣ ವರ್ಷಗಳಿಂದ ಈ ಸ್ವತಂತ್ರ ತಂತ್ರಾಂಶದ ಮೇಲೆಯೇ ನಡೆದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಅದೇ ವ್ಯವಸ್ಥೆಯೊಳಗಿವೆ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಸಾಧ್ಯವಾದುದು ಗಡಿಯೊಳಗಿನವರಿಗೆ ಅಸಾಧ್ಯವೇ?

ನಮ್ಮ ಬೇಡಿಕೆ

ಗುಡ್ಡಗಾಡಿನ ಪ್ರತಿ ಗ್ರಾಮಸಭೆಯಲ್ಲಿಯೂ ಕಾಲೇಜಿನ ವಿದ್ಯಾರ್ಥಿ ಸಂಘದಲ್ಲಿಯೂ ಈ ಐದು ಮಾತುಗಳು ಕೇಳಿಬರಲಿ.

1. ಸಾರ್ವಜನಿಕ ಹಣದಲ್ಲಿ ಕೊಳ್ಳುವ ಯಾವ ಲ್ಯಾಪ್‌ಟಾಪಿನಲ್ಲಿಯೂ ಬ್ಯಾಟರಿ, ರ‍್ಯಾಮ್, ಡಿಸ್ಕ್ ಬದಲಿಸಲು ಬರಬೇಕು. ಏಳು ವರ್ಷ ಬಿಡಿಭಾಗ ಒದಗಿಸುವ ಕರಾರು ಟೆಂಡರಿನಲ್ಲಿಯೇ ಇರಬೇಕು.

2. ತಾಲ್ಲೂಕು ಕೇಂದ್ರದಲ್ಲಿ ದುರಸ್ತಿ ಕೇಂದ್ರ ತೆರೆಯಬೇಕು. ಖಾನಾಪುರದಲ್ಲಿ ಕುಂಬಾರಿಕೆ ಕಲಿಸಲು ಕೇಂದ್ರೀಯ ಸಂಸ್ಥೆ ಬರಬಹುದಾದರೆ ಬೆಸುಗೆ ಕಲಿಸಲು ಒಂದು ಕೊಠಡಿ ಭಾರವಲ್ಲ. ಇಂಜಿನಿಯರಿಂಗ್ ಮತ್ತು ಐ.ಟಿ.ಐ. ವಿದ್ಯಾರ್ಥಿಗಳಿಗೆ ಅಲ್ಲಿಯ ದುಡಿಮೆಯೇ ಪ್ರಾಯೋಗಿಕ ಪಾಠವಾಗಲಿ.

3. ದುರಸ್ತಿ ಕೈಪಿಡಿ ಕನ್ನಡದಲ್ಲಿ ಬರಬೇಕು; ಗಡಿಸೀಮೆಯಲ್ಲಿ ಮರಾಠಿಯಲ್ಲಿಯೂ ಇರಲಿ.

4. ಹೊಸ ಲ್ಯಾಪ್‌ಟಾಪಿಗೂ ದುರಸ್ತಿಯ ಸೇವೆಗೂ ಒಂದೇ ಶೇಕಡಾ 18ರ ಜಿ.ಎಸ್.ಟಿ. ಹೇರುವ ಅನ್ಯಾಯ ನಿಲ್ಲಬೇಕು. ಉಳಿಸುವವನಿಗೆ ರಿಯಾಯಿತಿ ಸಿಗಬೇಕು.

5. ದುರಸ್ತಿ ಹಕ್ಕು ಜಾಲತಾಣದಿಂದ ಇಳಿದು ಕಾನೂನಿನ ಪುಸ್ತಕ ಸೇರಬೇಕು.

ಮುಂದಿನ ಸಲ ಅಂಗಡಿಗೆ ಹೋದಾಗ ಬಣ್ಣ, ತೂಕ, ತೆಳುತನಗಳನ್ನು ಕೇಳುವ ಮೊದಲು ‘ಇದನ್ನು ಬಿಚ್ಚಲು ಬರುತ್ತದೆಯೇ?’ ಎಂದು ಕೇಳಿರಿ. ಇಲ್ಲವೆಂದರೆ ಮುಂದಿನ ಅಂಗಡಿಗೆ ನಡೆಯಿರಿ. ಬಿಚ್ಚಲು ಬಾರದ ಯಂತ್ರಕ್ಕೆ ಹಣ ಕೊಟ್ಟವನು ಅದರ ಒಡೆಯನಲ್ಲ, ಬಾಡಿಗೆದಾರ. ಗುಡ್ಡದ ಜನ ತಮ್ಮ ನೆಲದ ಮೇಲೆ ಬಾಡಿಗೆದಾರರಾಗಲು ಎಂದೂ ಒಪ್ಪಲಿಲ್ಲ. ತಮ್ಮ ಮಕ್ಕಳ ಪಾಟಿಯ ವಿಷಯದಲ್ಲಿಯೂ ಒಪ್ಪಬಾರದು.