ಸುರಿಸುವ ಬೆವರು ನಾಲ್ಕು ಜನರಿಗೂ ಒದಗಿಬರಲಿ

ಭಾನುವಾರ ಬೆಳಿಗ್ಗೆ ಪಣಂಬೂರು ಕಡಲತೀರದಲ್ಲಿ ಓಡುವವರು, ಬಸ್ಕಿ ಹೊಡೆಯುವವರು ಗುಂಪುಗುಂಪಾಗಿ ಸಿಗುತ್ತಾರೆ. ಪಕ್ಕದ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಒಡಿಶಾ, ಬಿಹಾರದ ಕಡೆಯಿಂದ ದುಡಿಯಲು ಬಂದವರು ಒಂದೇ ಕೋಣೆಯಲ್ಲಿ ಹಲವರು ದಿನ ದೂಡುತ್ತಾರೆ. ಈ ಎರಡೂ ಗುಂಪಿನವರು ಒಂದೆಡೆ ಸೇರಬೇಕು ಎಂಬುದು ಬೈಕಂಪಾಡಿಯವಳಾದ ನನ್ನ ಒತ್ತಾಯ.

ಇದೇನೂ ಆಗದ ಮಾತಲ್ಲ. ಲಂಡನ್ನಿನಲ್ಲಿ 2009ರಲ್ಲಿ ಹುಟ್ಟಿದ ಗುಡ್‌ಜಿಮ್ ಎಂಬ ಓಟಗಾರರ ಬಳಗದ ಸದಸ್ಯರು ಓಡುತ್ತಲೇ ಹೋಗಿ ನೆರವಿನ ಕೆಲಸ ಮಾಡಿ ಬರುತ್ತಾರೆ. ನಮ್ಮ ಮಂಗಳೂರಿನ ರಾಮಕೃಷ್ಣ ಮಿಷನ್ 2015ರಲ್ಲಿ ಆರಂಭಿಸಿದ ಸ್ವಚ್ಛತಾ ಶ್ರಮದಾನಕ್ಕೂ ಜನ ಭಾನುವಾರದ ನಿದ್ದೆ ಬಿಟ್ಟು ಬಂದರು.

ಈ ಕಾರ್ಮಿಕರಿಗೆ ಹಂಚಲು 25 ಕಿಲೋ ಅಕ್ಕಿ ಮೂಟೆಯನ್ನು ಬೆನ್ನು ನೆಟ್ಟಗಿಟ್ಟು, ಮಂಡಿ ಬಗ್ಗಿಸಿ ಎತ್ತುವುದೂ ಬಸ್ಕಿಯೇ. ವ್ಯಾಯಾಮ ಮುಗಿಸಿದವರು ಕಾರ್ಮಿಕರ ಪಕ್ಕ ಕೂತು ಅಸಂಘಟಿತ ಕಾರ್ಮಿಕರಿಗಾಗಿ ಸರ್ಕಾರ ನಡೆಸುವ ಇ-ಶ್ರಮ್ ನೋಂದಣಿ ಮಾಡಿಸಬಹುದು. ಆದರೆ ಮೊದಲು ಅವರನ್ನೇ ಕೇಳಬೇಕು: ಬೇಕಿರುವುದು ಬಟ್ಟೆಯೋ, ಆಸ್ಪತ್ರೆಗೆ ಜತೆಗೊಬ್ಬರೋ?

ನವಮಂಗಳೂರು ಬಂದರಿಗಾಗಿ ಮನೆ, ಗದ್ದೆ ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಮತ್ತೆ ಬದುಕು ಕಟ್ಟಿದ ಸೀಮೆಯಿದು. ನೆಲೆ ತಪ್ಪಿದವರ ಸಂಕಟ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದೊಂದು ವ್ಯಾಯಾಮ ತಂಡ ಒಂದೊಂದು ಓಣಿಯ ಹೊಣೆ ಹೊರಲಿ, ವಾರಕ್ಕೊಂದು ಗಂಟೆ ಕೊಡಲಿ. ಬರುವ ಮಳೆಗಾಲಕ್ಕೆ ಮುಂಚೆಯೇ ಇದು ಶುರುವಾಗಬೇಕು.