ಕಲ್ನಾರಿನ ಶೀಟು: ಇಳಿಸುವ ಹೊಣೆ ಯಾರದು?

ಆಸ್ಬೆಸ್ಟಾಸ್ ವಿಚಾರ ದೇಶದಲ್ಲಿ ಚರ್ಚೆಗೆ ಬಂದಾಗಲೆಲ್ಲ ಅದು ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತದೆ. ನಿಷೇಧ ಬೇಕೋ, ಬೇಡವೋ? ಕಾರ್ಮಿಕ ಆರೋಗ್ಯದ ಪರ ಹೋರಾಟಗಾರರು ಬೇಕೆನ್ನುತ್ತಾರೆ, ಶೀಟು ತಯಾರಕರು ಬೇಡವೆನ್ನುತ್ತಾರೆ. ಈ ಹಗ್ಗಜಗ್ಗಾಟದಲ್ಲಿ ಮರೆತೇಹೋಗಿರುವ ಸಂಗತಿಯೊಂದಿದೆ. ನಾಳೆಯೇ ನಿಷೇಧ ಜಾರಿಯಾದರೂ ದಶಕಗಳಿಂದ ಮನೆ, ಶಾಲೆ, ಗೋದಾಮು, ಕೋಳಿ ಫಾರಂಗಳ ನೆತ್ತಿಯ ಮೇಲೆ ಕುಳಿತಿರುವ ಶೀಟುಗಳು ಅಲ್ಲಿಯೇ ಇರುತ್ತವೆ. ಒಂದಲ್ಲ ಒಂದು ದಿನ ಅವನ್ನು ಯಾರೋ ಒಬ್ಬ ಇಳಿಸಲೇಬೇಕು. ಆ 'ಯಾರೋ ಒಬ್ಬ'ನ ವಿಷಯದಲ್ಲಿ ದೇಶದ ಕಾನೂನು ಬಹುಮಟ್ಟಿಗೆ ಮೌನವಾಗಿದೆ.

ಇಂತಹ ಶೀಟು ಎಷ್ಟಿವೆ ಎಂಬ ಲೆಕ್ಕವಾದರೂ ಇದೆಯೇ? 2011ರ ಜನಗಣತಿಯ ಪ್ರಕಾರ ದೇಶದ ಶೇ 15.9ರಷ್ಟು ಕುಟುಂಬಗಳು ತಗಡು ಅಥವಾ ಆಸ್ಬೆಸ್ಟಾಸ್ ಛಾವಣಿಯ ಕೆಳಗೆ ವಾಸವಾಗಿದ್ದವು. 2001ರಲ್ಲಿ ಈ ಪ್ರಮಾಣ ಶೇ 11.6 ಇತ್ತು. ವಿಪರ್ಯಾಸವೆಂದರೆ, ಗಣತಿಯು ತಗಡನ್ನೂ ಆಸ್ಬೆಸ್ಟಾಸನ್ನೂ ಒಂದೇ ಕಲಂನಲ್ಲಿ ತುಂಬಿತು. ಕಲ್ನಾರಿನ ಛಾವಣಿಯ ಮನೆಗಳೆಷ್ಟು ಎಂಬುದು ಅದರಿಂದ ತಿಳಿಯುವುದಿಲ್ಲ. ಕಲ್ನಾರು ಗಣಿಗಾರಿಕೆಗೆ ಹೊಸ ಗುತ್ತಿಗೆ ನೀಡುವುದನ್ನು ಸರ್ಕಾರ 1986ರಲ್ಲೇ ನಿಲ್ಲಿಸಿತು. ಆದರೆ ರಷ್ಯಾ ಮುಂತಾದ ದೇಶಗಳಿಂದ ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಅಧಿಕ ಬಿಳಿ ಕಲ್ನಾರನ್ನು ತರಿಸಿಕೊಳ್ಳುವ ಭಾರತ, ಜಗತ್ತಿನ ಅತಿದೊಡ್ಡ ಆಮದುದಾರ ಎನಿಸಿಕೊಂಡಿದೆ. ಸ್ವದೇಶದ ನೆಲದಿಂದ ಅಗೆದರೆ ಅಪಾಯ, ಹಡಗಿನಲ್ಲಿ ಬಂದರೆ ಅಪಾಯವಿಲ್ಲ ಎಂಬ ತರ್ಕ ಯಾರಿಗಾದರೂ ಅರ್ಥವಾದೀತೇ!

ಹಾಗೆಂದು ಶೀಟಿನ ಮನೆಯಲ್ಲಿರುವವರು ಇಂದೇ ದಿಗಿಲುಗೊಳ್ಳಬೇಕಾದ ಅಗತ್ಯವಿಲ್ಲ. ಸಿಮೆಂಟ್ ಶೀಟಿನಲ್ಲಿ ಕಲ್ನಾರಿನ ಪ್ರಮಾಣ ಸಾಮಾನ್ಯವಾಗಿ ಶೇ 8ರಿಂದ 10. ಉಳಿದದ್ದು ಬಹುಪಾಲು ಸಿಮೆಂಟ್. ನಾರು ಸಿಮೆಂಟಿನೊಳಗೆ ಬಂಧಿಯಾಗಿರುವುದರಿಂದ ಅಪಾಯವಿಲ್ಲ ಎಂಬುದು ತಯಾರಕರ ವಾದ. ಶೀಟು ಗಟ್ಟಿಯಾಗಿರುವವರೆಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಬಿಸಿಲು ಮಳೆಗಳಿಗೆ ಮೈಯೊಡ್ಡಿದ ಶೀಟಿನ ಮೇಲ್ಪದರದ ಸಿಮೆಂಟ್ ಕಾಲಕ್ರಮೇಣ ಸವೆಯುತ್ತದೆ, ಪಾಚಿ ಹಿಡಿಯುತ್ತದೆ, ಅಂಚುಗಳು ಉದುರತೊಡಗುತ್ತವೆ. ಅದಕ್ಕೆ ಡ್ರಿಲ್ ಹಾಕಿದಾಗ, ಗರಗಸದಿಂದ ಕೊಯ್ದಾಗ, ಒಡೆದಾಗ ಬಂಧಿಯಾಗಿದ್ದ ನಾರು ಬಿಡುಗಡೆಯಾಗುತ್ತದೆ. ಬರಿಗಣ್ಣಿಗೆ ಕಾಣದ ಈ ಎಳೆಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲಬಲ್ಲವು. ಶ್ವಾಸಕೋಶಕ್ಕೆ ಹೊಕ್ಕ ಎಳೆಗಳಲ್ಲಿ ಅನೇಕವು ಹೊರಬರುವುದಿಲ್ಲ. ಬಿಳಿ ಕಲ್ನಾರು ಸೇರಿದಂತೆ ಎಲ್ಲ ಬಗೆಯ ಆಸ್ಬೆಸ್ಟಾಸ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಖಚಿತ ನಿಲುವು. ಶ್ವಾಸಕೋಶದ ಹೊದಿಕೆಗೆ ತಗಲುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ತಲೆದೋರಲು ಸಾಮಾನ್ಯವಾಗಿ 20ರಿಂದ 40 ವರ್ಷ ಬೇಕು. ಮೂವತ್ತರ ಹರೆಯದಲ್ಲಿ ಶೀಟು ಒಡೆದವನು ಅರವತ್ತರಲ್ಲಿ ಆಸ್ಪತ್ರೆ ಸೇರಿದರೆ, ಹಳೆಯ ಕೆಲಸಕ್ಕೂ ಈ ಕಾಯಿಲೆಗೂ ನಂಟು ಕಲ್ಪಿಸುವವರು ಯಾರು?

ರಾಜ್ಯದಲ್ಲಿ ಹಳೆಯ ಶೀಟು ಇಳಿಯುವ ಪರಿ ಎಲ್ಲರೂ ಬಲ್ಲದ್ದೇ. ತುಕ್ಕು ಹಿಡಿದ ಬೋಲ್ಟು ಬಿಚ್ಚಿಕೊಳ್ಳದಿದ್ದರೆ ಸುತ್ತಿಗೆಯೇ ಗತಿ. ಮೇಲಿನಿಂದ ಎಸೆದ ಶೀಟು ಕೆಳಗೆ ಚೂರಾಗುತ್ತದೆ. ಪೊರಕೆ ಹಿಡಿದು ಒಣ ಧೂಳು ಗುಡಿಸುತ್ತಾರೆ. ಗಟ್ಟಿಯಾಗಿ ಉಳಿದದ್ದು ಇನ್ನೊಂದು ಶೆಡ್ಡಿನ ತಲೆಯೇರುತ್ತದೆ, ಒಡೆದದ್ದು ಗುಂಡಿ ಮುಚ್ಚಲು, ಖಾಲಿ ನಿವೇಶನ ತುಂಬಲು ಹೋಗುತ್ತದೆ. ಬೇಸಿಗೆಯ ಕೊನೆಯ ಬಿರುಗಾಳಿ ಮಳೆಗೆ ಶೀಟು ಹಾರಿಹೋಯಿತೆಂಬ ಸುದ್ದಿ ಪ್ರತಿವರ್ಷವೂ ಬರುತ್ತದೆ. ಆ ಚೂರುಗಳು ಏನಾದವು ಎಂಬ ಸುದ್ದಿ ಮಾತ್ರ ಬಾರದು.

ಅಲ್ಪಕಾಲದ ಕೆಲಸದಿಂದ ಏನಾದೀತು ಎನ್ನುವವರಿಗೆ ಜಪಾನಿನ ಕೋಬೆ ನಗರದ ಉದಾಹರಣೆಯಿದೆ. 1995ರ ಜನವರಿಯ ಭೂಕಂಪದ ನಂತರ ಅಲ್ಲಿ ಕುಸಿದ ಕಟ್ಟಡಗಳ ಅವಶೇಷ ತೆರವುಗೊಳಿಸಿದ ಕಾರ್ಮಿಕರಲ್ಲಿ ಕೆಲವರು ವರ್ಷಗಳ ಬಳಿಕ ಮೆಸೊಥೆಲಿಯೋಮಾಕ್ಕೆ ತುತ್ತಾದರು. ಅದನ್ನು ಕೆಲಸದಿಂದ ಬಂದ ರೋಗವೆಂದೇ ಅಲ್ಲಿನ ಆಡಳಿತ ಒಪ್ಪಿಕೊಂಡಿತು.

ಭಾರತದಲ್ಲಿ ಕಾನೂನು ಇಲ್ಲವೇ ಇಲ್ಲ ಎನ್ನಲಾಗದು. 1995ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗವೆಂದು ಸಾರಿತು. ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇದರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಪ್ರತಿಯೊಬ್ಬರ ಆರೋಗ್ಯ ದಾಖಲೆ ಕಾಯ್ದಿಡಬೇಕೆಂದು ಆದೇಶಿಸಿತು. ಮಹತ್ವದ ತೀರ್ಪು, ಸಂದೇಹವಿಲ್ಲ. ಆದರೆ ಅದು ಕಾಯುವುದು ಹಾಜರಿ ಪುಸ್ತಕದಲ್ಲಿ ಹೆಸರಿರುವ ಕಾರ್ಖಾನೆ ಕಾರ್ಮಿಕನನ್ನು. ದಿನಗೂಲಿಗೆ ಮಾಡು ಹತ್ತುವವನಿಗೆ ಹಾಜರಿ ಪುಸ್ತಕ ಎಲ್ಲಿಯದು? ಸಂಪೂರ್ಣ ನಿಷೇಧ ಕೋರಿದ್ದ ಅರ್ಜಿಯನ್ನು ಇದೇ ನ್ಯಾಯಾಲಯ 2011ರಲ್ಲಿ ತಳ್ಳಿಹಾಕಿತು. ಆಸ್ಬೆಸ್ಟಾಸ್ ಸಿಮೆಂಟ್ ಉತ್ಪನ್ನಗಳ ಸುರಕ್ಷಿತ ಬಳಕೆಗೆ ಐಎಸ್ 11769, ತ್ಯಾಜ್ಯ ವಿಲೇವಾರಿಗೆ ಐಎಸ್ 11768 ಎಂಬ ಭಾರತೀಯ ಮಾನಕ ಮಾರ್ಗಸೂಚಿಗಳು ಎಂಬತ್ತರ ದಶಕದಿಂದಲೂ ಇವೆ. ಶೀಟು ಇಳಿಸುವ ಮೇಸ್ತ್ರಿಯ ಕೈಗೆ ಅವು ತಲುಪಿದ್ದು ಕಾಣೆ.

ಕಟ್ಟಡದ ಒಡೆಯನನ್ನೇ ಹೊಣೆ ಮಾಡಿದ್ದು ಬ್ರಿಟನ್. 1999ರಲ್ಲಿ ನಿಷೇಧ ಹೇರಿದ ಆ ದೇಶ, 2004ರಿಂದ ಮತ್ತೊಂದು ಹೆಜ್ಜೆ ಮುಂದಿಟ್ಟಿತು. ವಸತಿಯೇತರ ಕಟ್ಟಡಗಳ ಹೊಣೆಗಾರರು ಎಲ್ಲೆಲ್ಲಿ ಆಸ್ಬೆಸ್ಟಾಸ್ ಇದೆ, ಅದರ ಸ್ಥಿತಿ ಹೇಗಿದೆ ಎಂಬುದನ್ನು ಪತ್ತೆಹಚ್ಚಿ ದಾಖಲಿಸಿಡಬೇಕು. ದುರಸ್ತಿಗೆ ಬರುವವನಿಗೆ ಮೊದಲೇ ಆ ವಿವರ ತಿಳಿಸಬೇಕು. ಗಟ್ಟಿಯಿದ್ದರೆ ಮುಟ್ಟದೆ ನಿಗಾ ಇಡಬಹುದು, ಶಿಥಿಲವಾಗಿದ್ದರೆ ಲೇಪನ ಬಳಿಯಬೇಕು ಇಲ್ಲವೇ ತೆಗೆಸಬೇಕು. ನಿಷೇಧವಾಗಿ ಕಾಲು ಶತಮಾನ ಕಳೆದರೂ ಹಿಂದಿನ ಪಾಪದ ಫಲವಾಗಿ ಅಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಮೆಸೊಥೆಲಿಯೋಮಾದಿಂದ ಸಾಯುತ್ತಿದ್ದಾರೆ. ಶೀಟಿನ ಮನೆಗಳೇ ಹೆಚ್ಚಿರುವ ಪೋಲೆಂಡ್ 2032ರೊಳಗೆ ಎಲ್ಲವನ್ನೂ ತೆರವುಗೊಳಿಸುವ ಗುರಿ ಹಾಕಿಕೊಂಡು ಸ್ಥಳೀಯ ಆಡಳಿತಗಳ ಮೂಲಕ ಗಣತಿ ನಡೆಸಿದೆ. ಕೆಲಸ ಆಮೆಗತಿಯಲ್ಲಿದೆ ನಿಜ. ಆದರೆ ಏನು ಉಳಿದಿದೆ ಎಂಬ ಲೆಕ್ಕ ಅವರ ಬಳಿ ಇದೆ.

ಇಷ್ಟಕ್ಕೂ ಸುರಕ್ಷಿತವಾಗಿ ಶೀಟು ಇಳಿಸುವುದೇನೂ ರಾಕೆಟ್ ವಿಜ್ಞಾನವಲ್ಲ. ಮೊದಲು ಸೋಪಿನ ಪುಡಿ ಬೆರೆಸಿದ ನೀರನ್ನು ಸಣ್ಣಗೆ ಚಿಮುಕಿಸಿ ಶೀಟು ನೆನೆಸಬೇಕು. ಒತ್ತಡದ ನೀರಿನ ಪೈಪು ಬಳಸಿದರೆ ನಾರು ಕಿತ್ತುಬರುವುದರಿಂದ ಅದು ಸಲ್ಲದು. ಬೋಲ್ಟು ಬಿಚ್ಚಿ ಇಡೀ ಶೀಟನ್ನೇ ಕೆಳಗಿಳಿಸಬೇಕು, ಎಸೆಯಬಾರದು. ಹಳೆಯ ಶೀಟು ಭಾರ ತಾಳದೆ ಮುರಿದು ಮನುಷ್ಯ ಬೀಳುವ ಅಪಾಯವೂ ಇರುವುದರಿಂದ ಅದರ ಮೇಲೆ ನೇರವಾಗಿ ಕಾಲಿಡದೆ ಹಲಗೆ ಹಾಸಿ ನಿಲ್ಲಬೇಕು. ಮೂತಿಗೆ ಕಟ್ಟಿದ ಟವೆಲ್ಲಾಗಲಿ ಕೊರೊನಾ ಕಾಲದ ನೀಲಿ ಮಾಸ್ಕಾಗಲಿ ಈ ನಾರನ್ನು ತಡೆಯದು. ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಚೂರುಗಳನ್ನು ಒದ್ದೆಯಿರುವಾಗಲೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಳಗೇನಿದೆ ಎಂದು ಬರೆಯಬೇಕು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಲೇಬಾರದು. ಗಂಡನ ಬಟ್ಟೆ ಒಗೆದದ್ದರಿಂದಲೇ ರೋಗಕ್ಕೆ ತುತ್ತಾದ ಹೆಣ್ಣುಮಕ್ಕಳ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಸುತ್ತಿಟ್ಟ ಶೀಟು ಹೋಗಬೇಕಾದದ್ದು ಎಲ್ಲಿಗೆ? ತೊಡಕಿರುವುದು ಇಲ್ಲಿಯೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ಆಸ್ಬೆಸ್ಟಾಸ್ ಉತ್ಪಾದನೆಯಿಂದ ಹೊರಬೀಳುವ ತ್ಯಾಜ್ಯದ ಹೆಸರಿದೆ. ಅಂತಹ ತ್ಯಾಜ್ಯಕ್ಕೆಂದು ದಾಬಸ್‌ಪೇಟೆಯಲ್ಲಿ ಭೂಭರ್ತಿ ಘಟಕವನ್ನೂ ನಿರ್ಮಿಸಲಾಯಿತು. ಆದರೆ ಕಾರ್ಖಾನೆಗಳ ಲೆಕ್ಕಾಚಾರದಲ್ಲಿ ರೂಪುಗೊಂಡ ಈ ವ್ಯವಸ್ಥೆಗೆ ಹತ್ತು ಶೀಟು ಇಳಿಸಿದ ಮನೆಯೊಡೆಯ ಎಟುಕುವುದು ದುಸ್ತರ. ಲಾರಿ ಬಾಡಿಗೆ, ವಿಲೇವಾರಿ ಶುಲ್ಕ ಸೇರಿದರೆ ಹೊಸ ಛಾವಣಿಗಿಂತ ಹಳೆಯದೇ ದುಬಾರಿಯಾದೀತು. ಹಾಗಾಗಿ ಬಡವನ ಮೇಲೆ ದಂಡದ ಬೆದರಿಕೆ ಹಾಕುವ ಮೊದಲು ಸರ್ಕಾರ ತನ್ನ ಮನೆಯಿಂದಲೇ ಆರಂಭಿಸುವುದು ಲೇಸು. ಶಾಲೆ, ಅಂಗನವಾಡಿ, ಆಸ್ಪತ್ರೆಗಳ ಶೀಟುಗಳನ್ನು ಎಣಿಸಿ ಪಟ್ಟಿ ಮಾಡಲು ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಸರ್ಕಾರಿ ಕಟ್ಟಡ ಕೆಡವುವ ಟೆಂಡರುಗಳಲ್ಲಿ ಶೀಟು ಇಳಿಸುವ ಬಾಬ್ತಿನ ಕೆಳಗೆ ನೀರು, ಮಾಸ್ಕ್, ಪ್ಲಾಸ್ಟಿಕ್ ಹೊದಿಕೆ ಮತ್ತು ಸಾಗಣೆಯ ವೆಚ್ಚವನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಆ ಸಾಲು ಇಲ್ಲದಿದ್ದರೆ ಆ ವೆಚ್ಚವನ್ನು ಯಾವ ಗುತ್ತಿಗೆದಾರನೂ ತನ್ನ ಜೇಬಿನಿಂದ ಭರಿಸುವುದಿಲ್ಲ.