ಗೊರಕೆ ನಿಂತರೆ ಸಾಲದು: ನಿದ್ರೆಯ ಉಸಿರುಗಟ್ಟುವಿಕೆಗೆ ದಂತವೈದ್ಯರ ಮದ್ದು

ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ 2022ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ನಿಧನರಾದಾಗ ಆಸ್ಪತ್ರೆಯ ವೈದ್ಯರು ತಿಳಿಸಿದ ಕಾರಣ ಅನೇಕರನ್ನು ಅಚ್ಚರಿಗೊಳಿಸಿತ್ತು. ‘ಆಫ್ರಿಕಾದಲ್ಲಿ ಶೀಲಾ’ ಚಿತ್ರದ ಮೂಲಕ ಕನ್ನಡ ಪ್ರೇಕ್ಷಕರಿಗೂ ಪರಿಚಿತರಾಗಿದ್ದ ಅವರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾದಿಂದ ಬಳಲುತ್ತಿದ್ದರು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆ ಹಿಂದಕ್ಕೆ ಜಾರಿ, ಶ್ವಾಸಮಾರ್ಗ ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ ಇದು. ನಮ್ಮ ಮನೆಗಳಲ್ಲಿ ಗೊರಕೆಯನ್ನು ಗಾಢನಿದ್ರೆಯ ಲಕ್ಷಣವೆಂದೋ, ತಮಾಷೆಯ ವಸ್ತುವೆಂದೋ ಕಾಣುವ ರೂಢಿಯಿರುವುದರಿಂದ ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ.

ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯ ತಜ್ಞರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದೇಶದಲ್ಲಿ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಜನರಿಗೆ ಈ ತೊಂದರೆಯಿದೆ. ಹಗಲಿನ ತೂಕಡಿಕೆ, ವಾಹನ ಅಪಘಾತ, ರಕ್ತದೊತ್ತಡ, ಹೃದಯದ ತೊಂದರೆ ಇವೆಲ್ಲದರೊಂದಿಗೆ ಅದು ತಳಕು ಹಾಕಿಕೊಂಡಿದೆ.

ಇದಕ್ಕೆ ಪ್ರಧಾನ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಮೂಗಿಗೆ ಮುಖವಾಡ ತೊಡಿಸಿ, ನಿರಂತರ ಗಾಳಿಯ ಒತ್ತಡದಿಂದ ಶ್ವಾಸಮಾರ್ಗ ಮುಚ್ಚದಂತೆ ತಡೆಯುವ ಈ ವಿಧಾನವನ್ನು ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದರು. ಪರಿಣಾಮದಲ್ಲಿ ಇದಕ್ಕೆ ಸರಿಸಾಟಿಯಾದುದು ಇಂದಿಗೂ ಇಲ್ಲ. ಆದರೆ ಯಂತ್ರ ಕೆಲಸ ಮಾಡುವುದು ತೊಟ್ಟುಕೊಂಡಷ್ಟು ಹೊತ್ತು ಮಾತ್ರ. ಭಾರತವೂ ಸೇರಿ ಏಳು ದೇಶಗಳ 2,700ಕ್ಕೂ ಹೆಚ್ಚು ಹೃದಯ ಮತ್ತು ಮೆದುಳಿನ ರಕ್ತನಾಳದ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ‘ಸೇವ್’ ಅಧ್ಯಯನದಲ್ಲಿ ರೋಗಿಗಳು ಯಂತ್ರವನ್ನು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಹೃದಯಾಘಾತ, ಪಾರ್ಶ್ವವಾಯುಗಳ ಪ್ರಮಾಣ ಅದರಿಂದ ತಗ್ಗಲಿಲ್ಲ. ಅರ್ಧ ರಾತ್ರಿಯ ಚಿಕಿತ್ಸೆಯಿಂದ ಪೂರ್ಣ ಫಲ ನಿರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ಚರ್ಚೆಯಲ್ಲಿದೆ.

ಇದರ ಮೇಲೆ ಯಂತ್ರದ ಬಗೆಗಿನ ನಂಬಿಕೆಗೂ ಪೆಟ್ಟು ಬಿತ್ತು. ಒಳಗಿನ ಫೋಮ್ ಶಿಥಿಲಗೊಂಡು ಅದರ ಕಣಗಳು ಶ್ವಾಸಕೋಶ ಸೇರಬಹುದೆಂಬ ಕಾರಣಕ್ಕೆ ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಈ ಯಂತ್ರಗಳನ್ನು ಹಿಂದಕ್ಕೆ ಪಡೆಯುವುದಾಗಿ ಘೋಷಿಸಿತು. ಜಗತ್ತಿನಾದ್ಯಂತ ಸುಮಾರು 55 ಲಕ್ಷ ಸಾಧನಗಳು ಈ ಪಟ್ಟಿಗೆ ಸೇರಿದವು. 2024ರ ಏಪ್ರಿಲ್‌ನಲ್ಲಿ ಕಂಪನಿಯು ತಪ್ಪೊಪ್ಪಿಕೊಳ್ಳದೆಯೇ ಅಮೆರಿಕದ ದಾವೆಗಳ ಇತ್ಯರ್ಥಕ್ಕೆ 110 ಕೋಟಿ ಡಾಲರ್ ನೀಡಲು ಸಮ್ಮತಿಸಿತು. ಯಂತ್ರದ ಹೊರಗೂ ಒಂದು ದಾರಿಯಿದೆ ಎಂಬ ಮಾತಿಗೆ ಮಹತ್ವ ಬಂದಿರುವುದು ಇಂಥ ಹಿನ್ನೆಲೆಯಲ್ಲಿ.

ದವಡೆ ಮುಂದಕ್ಕೆ, ಉಸಿರು ಸರಾಗ

ಆ ದಾರಿ ದಂತವೈದ್ಯರ ಕೋಣೆಯಲ್ಲಿದೆ. ಪ್ರಜ್ಞೆ ತಪ್ಪಿದವರ ಉಸಿರಾಟಕ್ಕೆ ಅಡ್ಡಿಯಾಗದಂತೆ ಅರಿವಳಿಕೆ ತಜ್ಞರು ಕೆಳದವಡೆಯನ್ನು ಮುಂದಕ್ಕೆ ಎತ್ತಿ ಹಿಡಿಯುವುದುಂಟು. ನಾಲಿಗೆಯ ಮುಖ್ಯ ಸ್ನಾಯು ಕೆಳದವಡೆಗೆ ಅಂಟಿಕೊಂಡಿರುವುದರಿಂದ ದವಡೆ ಮುಂದೆ ಬಂದರೆ ನಾಲಿಗೆಯೂ ಜೊತೆಗೆ ಬರುತ್ತದೆ, ಗಂಟಲಿನ ದಾರಿ ಅಗಲವಾಗುತ್ತದೆ. ಅದೇ ಕೆಲಸವನ್ನು ರಾತ್ರಿಯಿಡೀ ಮಾಡುವುದು ಈ ಸಾಧನ. ಮೇಲಿನ ಮತ್ತು ಕೆಳಗಿನ ಹಲ್ಲುಗಳ ಅಚ್ಚು ತೆಗೆದು ತಯಾರಿಸಿದ ಎರಡು ತಟ್ಟೆಗಳು ಒಂದಕ್ಕೊಂದು ಜೋಡಣೆಗೊಂಡು ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಿಡುತ್ತವೆ. ಎಷ್ಟು ಮುಂದಿಡಬೇಕೆಂಬುದನ್ನು ವಾರಗಳ ಅವಧಿಯಲ್ಲಿ ಹಂತಹಂತವಾಗಿ ಹೊಂದಿಸಲಾಗುತ್ತದೆ. ವಿದ್ಯುತ್ ಬೇಡ, ಸದ್ದಿಲ್ಲ, ಪ್ರಯಾಣದಲ್ಲಿ ಜೇಬಿನಲ್ಲಿಟ್ಟುಕೊಳ್ಳಬಹುದು.

ಹಾಗಾದರೆ ಯಾವುದು ಮೇಲು? ಆಸ್ಟ್ರೇಲಿಯಾದಲ್ಲಿ 126 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಹೋಲಿಕೆಯು ಸ್ವಾರಸ್ಯಕರ ಉತ್ತರ ನೀಡಿದೆ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎಂಬ ಎಣಿಕೆಯನ್ನು ಸಿಪ್ಯಾಪ್ 4.5ಕ್ಕೆ ಇಳಿಸಿದರೆ, ದವಡೆ ಸಾಧನ ಇಳಿಸಿದ್ದು 11.1ಕ್ಕೆ ಮಾತ್ರ. ಆದರೆ ರೋಗಿಗಳು ಹೇಳಿದಂತೆ ಯಂತ್ರದ ಬಳಕೆ ರಾತ್ರಿಗೆ 5.2 ಗಂಟೆಯಾದರೆ, ಸಾಧನದ್ದು 6.5 ಗಂಟೆ. ಒಂದು ತಿಂಗಳ ಬಳಿಕ ಹಗಲಿನ ತೂಕಡಿಕೆ ಮೊದಲಾದ ಅಂಶಗಳಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಬಲಶಾಲಿಯಾದ ಮದ್ದನ್ನು ಅರೆಬರೆ ಸೇವಿಸುವುದಕ್ಕೂ ಸಾಧಾರಣ ಮದ್ದನ್ನು ಬಿಡದೆ ಸೇವಿಸುವುದಕ್ಕೂ ಇರುವ ವ್ಯತ್ಯಾಸವಿದು. ಒಂದು ತಿಂಗಳು ಅಲ್ಪಾವಧಿ ಎಂಬುದನ್ನೂ ಮರೆಯುವಂತಿಲ್ಲ.

ಮಿತಿಗಳೂ ಇವೆ. ಎಣಿಕೆ 30ನ್ನು ಮೀರಿದ ತೀವ್ರ ರೋಗಿಗಳಿಗೆ ಮೊದಲ ಆಯ್ಕೆ ಇಂದಿಗೂ ಯಂತ್ರವೇ. ಸಾಧನ ಹಿಡಿದು ನಿಲ್ಲಲು ಗಟ್ಟಿಯಾದ ಹಲ್ಲು, ಆರೋಗ್ಯವಂತ ವಸಡು ಬೇಕು. ಪೂರ್ತಿ ಹಲ್ಲುಸೆಟ್ಟು ಕಟ್ಟಿಸಿಕೊಂಡವರಿಗೆ ಇದು ಒಗ್ಗುವುದಿಲ್ಲ. ಅಡಿಕೆ, ಗುಟ್ಕಾ ಜಗಿದು ಬಾಯಿ ಬಿಗಿದು ಎರಡು ಬೆರಳಿನಷ್ಟೂ ತೆರೆಯಲಾಗದವರಿಗೆ ಅಚ್ಚು ತೆಗೆಯುವುದೇ ಕಷ್ಟ. ಪಾಶ್ಚಾತ್ಯ ಚರ್ಚೆಗಳಲ್ಲಿ ಅಷ್ಟಾಗಿ ಕಾಣದ, ನಮ್ಮಲ್ಲಿ ಮಾತ್ರ ನಿರ್ಲಕ್ಷಿಸಲಾಗದ ಅಡಚಣೆ ಇದು. ಜೊಲ್ಲು, ದವಡೆ ಕೀಲಿನ ನೋವು ಆರಂಭದಲ್ಲಿ ಸಾಮಾನ್ಯ. ವರ್ಷಗಳು ಉರುಳಿದಂತೆ ಹಲ್ಲುಗಳು ಕದಲಿ ಕಚ್ಚುವಿಕೆ ಬದಲಾಗುವುದುಂಟು.

ಅಂತರ್ಜಾಲದ ಅಂಗಡಿಗಳಲ್ಲಿ ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಅಚ್ಚು ಮಾಡಿಕೊಳ್ಳುವ ಅಗ್ಗದ ಸಾಧನಗಳೂ ದೊರೆಯುತ್ತವೆ. ಅವೆಲ್ಲ ನಿಷ್ಪ್ರಯೋಜಕವೆಂದು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನಲ್ಲಿ 90 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ‘ಟೊಮ್ಯಾಡೊ’ ಪ್ರಯೋಗದಲ್ಲಿ ಅಗ್ಗದ್ದೂ ಸೇರಿದಂತೆ ಮೂರೂ ಬಗೆಯ ಸಾಧನಗಳು ಎಣಿಕೆಯನ್ನು ತಗ್ಗಿಸಿದವು. ಆದರೆ ಅಗ್ಗದ್ದನ್ನು ರೋಗಿಗಳು ಇಷ್ಟಪಡಲಿಲ್ಲ, ಕಡಿಮೆ ಹೊತ್ತು ಬಳಸಿದರು.

ಪರೀಕ್ಷೆ ಯಾರ ಕೈಯಲ್ಲಿ?

ನಿಜವಾದ ಅಪಾಯವಿರುವುದು ಬೇರೆಡೆ. ದವಡೆ ತುಸು ಮುಂದೆ ಬಂದರೂ ಗೊರಕೆ ತಗ್ಗಬಹುದು. ಮನೆಯವರು ನೆಮ್ಮದಿಯಿಂದ ನಿದ್ರಿಸುತ್ತಾರೆ. ರೋಗಿಯ ಉಸಿರು ಮಾತ್ರ ಸದ್ದಿಲ್ಲದೆ ನಿಲ್ಲುತ್ತಲೇ ಇರಬಹುದು. ಎಚ್ಚರಿಕೆಯ ಗಂಟೆಯ ನಾಲಿಗೆಯನ್ನೇ ಕಿತ್ತಂತಾಗುತ್ತದೆ. ಆದ್ದರಿಂದಲೇ ಅಮೆರಿಕದ ನಿದ್ರಾ ವೈದ್ಯರು ಹಾಗೂ ನಿದ್ರಾ ದಂತವೈದ್ಯರ ಸಂಘಟನೆಗಳು 2015ರಲ್ಲಿ ಜಂಟಿಯಾಗಿ ಹೊರತಂದ ಮಾರ್ಗಸೂಚಿಯು, ಯಂತ್ರ ಒಗ್ಗದವರಿಗೆ ಅಥವಾ ಬೇರೆ ಚಿಕಿತ್ಸೆ ಬಯಸುವವರಿಗೆ ಸಾಧನ ನೀಡಬಹುದೆಂದರೂ, ಅದನ್ನು ಧರಿಸಿದ ಮೇಲೆ ನಿದ್ರಾ ಪರೀಕ್ಷೆ ಮತ್ತೊಮ್ಮೆ ನಡೆಯಬೇಕೆಂದು ಸೂಚಿಸಿದೆ. ಮನೆಯಲ್ಲೇ ಮಾಡುವ ಪರೀಕ್ಷೆಯನ್ನು ದಂತವೈದ್ಯರು ಬರೆದುಕೊಡಬಹುದೇ ಎಂಬ ಬಗ್ಗೆ ಅದೇ ಎರಡು ವೃತ್ತಿಗಳ ನಡುವೆ ಅಲ್ಲಿ ಬಳಿಕ ಒಡಕು ಮೂಡಿತು. ಇದು ಬರೀ ಗಡಿ ತಂಟೆಯಲ್ಲ. ಅಳೆಯುವವರು ಮತ್ತು ಮಾರುವವರು ಒಬ್ಬರೇ ಆದರೆ ಅಳತೆಯನ್ನು ನಂಬುವುದು ಹೇಗೆಂಬ ಸಂಶಯ ಅಸಹಜವೇನಲ್ಲ.

ಭಾರತದಲ್ಲೂ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯ ಆಶ್ರಯದಲ್ಲಿ 2014ರಲ್ಲಿ ಸಿದ್ಧವಾದ ‘ಇನೋಸಾ’ ಮಾರ್ಗಸೂಚಿಯು ಸೌಮ್ಯ ಮತ್ತು ಮಧ್ಯಮ ಹಂತದ ರೋಗಿಗಳಿಗೆ ದವಡೆ ಸಾಧನವನ್ನು ಆಯ್ಕೆಯಾಗಿ ಒಪ್ಪಿದೆ. ದಂತವೈದ್ಯಕೀಯ ಕಾಲೇಜುಗಳ ಸಂಖ್ಯೆಯಲ್ಲಿ ದೇಶದ ಮುಂಚೂಣಿಯಲ್ಲಿರುವ ಕರ್ನಾಟಕದಲ್ಲಿ ಅಚ್ಚು ತೆಗೆಯುವ ಕೈಗಳಿಗೆ ಕೊರತೆಯಿಲ್ಲ. ರಾತ್ರಿಯಿಡೀ ಉಸಿರಾಟ, ಮೆದುಳಿನ ಅಲೆ, ಆಮ್ಲಜನಕದ ಪ್ರಮಾಣವನ್ನು ದಾಖಲಿಸುವ ಪ್ರಯೋಗಾಲಯಗಳು ಮಾತ್ರ ಬೆಂಗಳೂರಿನಂಥ ದೊಡ್ಡ ಊರುಗಳ ಆಸ್ಪತ್ರೆಗಳ ಸುತ್ತಲೇ ಕೇಂದ್ರೀಕೃತವಾಗಿವೆ. ಹೀಗಿರುವಾಗ ಮೊದಲ ಪರೀಕ್ಷೆಗೇ ದೂರದಿಂದ ಬಂದವರು ಗೊರಕೆ ನಿಂತ ಮೇಲೆ ಎರಡನೆಯದಕ್ಕೆ ಮತ್ತೆ ಹಣ ತೆತ್ತು ಬರುವರೆಂದು ಭಾವಿಸುವುದು ಕಷ್ಟ. ಬಿಟ್ಟುಹೋಗುವ ಸಾಧ್ಯತೆ ಅತಿ ಹೆಚ್ಚಿರುವ ಹೆಜ್ಜೆಯೇ ಅತಿ ಅಗತ್ಯವಾದದ್ದು.

ಈ ನಡುವೆ ಚಿತ್ರಕ್ಕೆ ಔಷಧವೂ ಸೇರಿದೆ. ಬೊಜ್ಜಿರುವ ವಯಸ್ಕರಲ್ಲಿ ಮಧ್ಯಮ ಮತ್ತು ತೀವ್ರ ಹಂತದ ಆಪ್ನಿಯಾಕ್ಕೆ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಕರು 2024ರ ಡಿಸೆಂಬರ್‌ನಲ್ಲಿ ಅನುಮೋದಿಸಿದರು. ಆದರೆ ತೂಕ ಇಳಿಯಲು ತಿಂಗಳುಗಳೇ ಬೇಕು, ಬೊಜ್ಜಿಲ್ಲದ ರೋಗಿಗಳಿಗೆ ಅದು ಉತ್ತರವೂ ಅಲ್ಲ. ತೂಕ ಇಳಿದವರ ಗಂಟಲಿನ ಸ್ಥಿತಿಯೂ ಬದಲಾಗುವುದರಿಂದ, ಅವರ ದವಡೆಯನ್ನು ಇನ್ನೂ ಅಷ್ಟೇ ಮುಂದಿಡಬೇಕೇ ಎಂಬುದನ್ನು ಮತ್ತೊಂದು ರಾತ್ರಿಯ ಪರೀಕ್ಷೆಯೇ ಹೇಳಬೇಕಾಗುತ್ತದೆ.